ಬೌಲಿಂಗ್ ಪರದೆಯ ಅಂಕ, ಓಡುವ ಕುದುರೆಯ ಫೋಟೋ: ಯಾರು ಈ ಎಡ್ವರ್ಡ್ ಮೈಬ್ರಿಜ್?

ಕುದುರೆಯೊಂದು ನಿಲ್ಲದೆ ಓಡುತ್ತಲೇ ಇರುವ ಕಪ್ಪು-ಬಿಳುಪು ಜಿಫ್ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗಿರುವ ಬರಹದ ಸಾರ ಹೆಚ್ಚುಕಡಿಮೆ ಇಷ್ಟು: ಇದು ಜಗತ್ತಿನ ಮೊದಲ ಸಿನಿಮಾ. ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆ ಎಂದು ಅಮೆರಿಕದ ಶ್ರೀಮಂತನೊಬ್ಬ 25,000 ಡಾಲರ್ ಬಾಜಿ ಕಟ್ಟಿದ್ದ. ಆ ಬಾಜಿ ಗೆಲ್ಲಲು ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೋಗ್ರಾಫರ್ ಇದನ್ನು ತೆಗೆದ.

ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಕಟ್ಟುಕತೆಯಿದೆ. ಯಾವುದು ಯಾವುದು ಎಂದು ಮುಂದೆ ನೋಡೋಣ. ಅದಕ್ಕೆ ಮೊದಲು ನಿಮ್ಮನ್ನು ಒಂದು ಮಾಲ್‌ಗೆ ಕರೆದುಕೊಂಡು ಹೋಗಬೇಕು. ಮೈಬ್ರಿಜ್ ಮಾಡಿದ ಕೆಲಸ ಏನೆಂದು ನಮಗೆ ಸರಿಯಾಗಿ ಅರ್ಥವಾದದ್ದು ಅಲ್ಲಿಯೇ.

ಗೆಳತಿಯ ಹುಟ್ಟುಹಬ್ಬಕ್ಕೆಂದು ನಾವು ನಾಲ್ಕೈದು ಜನ ಬೌಲಿಂಗ್ ಆಡಲು ಹೋಗಿದ್ದೆವು. ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ಉದ್ದನೆಯ ನುಣುಪು ಹಲಗೆಯ ಮೇಲೆ ಭಾರದ ಚೆಂಡನ್ನು ಉರುಳಿಸಿ, ಆ ತುದಿಯಲ್ಲಿ ತ್ರಿಕೋನಾಕಾರದಲ್ಲಿ ನಿಂತ ಹತ್ತು ಪಿನ್‌ಗಳನ್ನು ಬೀಳಿಸುವ ಆಟ. ನಮ್ಮಲ್ಲೊಬ್ಬಳು ಉರುಳಿಸಿದ ಚೆಂಡಿಗೆ ಒಂಬತ್ತು ಪಿನ್ ಧಡಧಡ ಬಿದ್ದವು. ಹತ್ತನೆಯದು ಕುಡುಕನಂತೆ ಓಲಾಡುತ್ತಾ ನಿಂತಿತು. ತಲೆಯ ಮೇಲಿನ ಪರದೆಯಲ್ಲಿ 9 ಎಂದು ಮೂಡಿತು. ಮರುಕ್ಷಣವೇ ಆ ಪಿನ್ ಬಿತ್ತು! ನಾವು ಗಲಾಟೆ ಎಬ್ಬಿಸಿದೆವು. ಕೌಂಟರಿನಲ್ಲಿದ್ದ ಹುಡುಗ ನಗುತ್ತಾ ಎರಡು ಗುಂಡಿ ಒತ್ತಿ ಅಂಕ ತಿದ್ದಿಕೊಟ್ಟ. ಅವನಿಗೆ ಇದು ದಿನನಿತ್ಯದ ಜಗಳ ಇರಬೇಕು.

ಹಾಗಾದರೆ ಪರದೆ ಸುಳ್ಳು ಹೇಳಿತೇ? ಇಲ್ಲ. ಅದು ಫೋಟೋ ತೆಗೆದ ಕ್ಷಣದಲ್ಲಿ ಆ ಪಿನ್ ನಿಂತೇ ಇತ್ತು.

ಅಲ್ಲಿ ನಡೆಯುವುದು ಇಷ್ಟು. ನಾವು ನಿಲ್ಲುವ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಆ ಗೆರೆಯಲ್ಲಿಯೇ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಳಕಿನ ಸಣ್ಣ ಕಿರಣ ಹಾಯುತ್ತಿರುತ್ತದೆ. ಕಾಲು ಗೆರೆ ದಾಟಿದರೆ ಕಿರಣ ತುಂಡಾಗಿ ಫೌಲ್ ಎಂದು ದಾಖಲಾಗುತ್ತದೆ. ಪಿನ್‌ಗಳ ಹತ್ತಿರ ಇಂಥದ್ದೇ ಇನ್ನೊಂದು ಕಿರಣವಿದೆ. ಚೆಂಡು ಅದನ್ನು ದಾಟುವಾಗ ಬೆಳಕು ಕಣ್ಣೆವೆ ಮಿಟುಕಿಸುವಷ್ಟು ಹೊತ್ತು ಮರೆಯಾಗುತ್ತದೆ. ಚೆಂಡು ಬಂತು ಎಂದು ಯಂತ್ರಕ್ಕೆ ಗೊತ್ತಾಗುವುದು ಆಗಲೇ. ಗೊತ್ತಿರುವ ಅಂತರದಲ್ಲಿ ಎರಡು ಕಿರಣಗಳಿದ್ದರೆ, ಒಂದು ತುಂಡಾಗಿ ಇನ್ನೊಂದು ತುಂಡಾಗಲು ಹಿಡಿದ ಸಮಯದಿಂದ ಚೆಂಡಿನ ವೇಗವೂ ಸಿಗುತ್ತದೆ. ಪರದೆಯ ಮೂಲೆಯಲ್ಲಿ ವೇಗ ಕಾಣಿಸುತ್ತದಲ್ಲ, ಅದು ಬರುವುದು ಹೀಗೆ.

ಕಿರಣ ತುಂಡಾದ ಕೂಡಲೇ ಫೋಟೋ ತೆಗೆದರೆ ಪ್ರಯೋಜನವಿಲ್ಲ. ಆಗ ಪಿನ್‌ಗಳೆಲ್ಲ ಗಾಳಿಯಲ್ಲಿರುತ್ತವೆ. ಅದಕ್ಕೇ ಯಂತ್ರ ಕೆಲವು ಸೆಕೆಂಡು ಕಾಯುತ್ತದೆ. ಎಷ್ಟು ಕಾಯಬೇಕೆಂದು ಮೊದಲೇ ಹೊಂದಿಸಿಟ್ಟಿರುತ್ತಾರೆ. ಆ ಹೊತ್ತು ಮುಗಿದಾಗ ಕ್ಯಾಮೆರಾ ಪಿನ್‌ಗಳ ಜಾಗದ ಚಿತ್ರ ಹಿಡಿಯುತ್ತದೆ. ಹಲವು ಕಡೆ ಅಕ್ಕಪಕ್ಕದ ಎರಡು ಲೇನ್‌ಗಳಿಗೆ ಸೇರಿ ಒಂದೇ ಕ್ಯಾಮೆರಾ ನಡುವೆ ಕೂತಿರುತ್ತದೆ. ಕಂಪ್ಯೂಟರಿಗೆ ಪಿನ್ ಎಂದರೇನೆಂದು ಗೊತ್ತಿಲ್ಲ. ಚಿತ್ರದಲ್ಲಿ ಯಾವ ಹತ್ತು ಜಾಗ ನೋಡಬೇಕು ಎಂಬುದಷ್ಟೇ ಗೊತ್ತು. ಆ ಜಾಗದಲ್ಲಿ ಬಿಳಿ ಹೊಳಪು ಇದ್ದರೆ ಪಿನ್ ನಿಂತಿದೆ, ಕತ್ತಲಿದ್ದರೆ ಬಿದ್ದಿದೆ. ಪಿನ್‌ಗಳು ಬಿಳಿಯಾಗಿರುವುದೂ, ಅವುಗಳ ಮೇಲೆ ಪ್ರಖರ ಬೆಳಕು ಬೀಳುವುದೂ, ಹಿಂದಿನ ಗೋಡೆ ಕಪ್ಪಾಗಿರುವುದೂ ಕಂಪ್ಯೂಟರಿನ ಈ ಕೆಲಸವನ್ನು ಸಲೀಸು ಮಾಡುತ್ತವೆ.

ಎಲ್ಲ ಕಡೆ ಕ್ಯಾಮೆರಾವೇ ಇರಬೇಕೆಂದಿಲ್ಲ. ನಿಂತ ಪಿನ್‌ಗಳನ್ನು ಕತ್ತು ಹಿಡಿದು ಮೇಲೆತ್ತುವ ಯಂತ್ರದಲ್ಲೇ ಹತ್ತು ಸ್ವಿಚ್‌ಗಳಿದ್ದು, ಯಾವುದಕ್ಕೆ ಪಿನ್ ತಾಗಿತೋ ಅದನ್ನು ಎಣಿಸುವ ವ್ಯವಸ್ಥೆಯೂ ಇದೆ. ಪಿನ್‌ಗಳ ತಲೆಗೆ ದಾರ ಕಟ್ಟಿರುವ ಕಡೆ, ಯಾವ ದಾರ ಎಳೆಯಿತು ಎಂಬುದರಿಂದಲೇ ಲೆಕ್ಕ.

ಉಳಿದದ್ದು ಗಣಿತ. ಮೊದಲ ಚೆಂಡಿಗೇ ಹತ್ತೂ ಬಿದ್ದರೆ ಹತ್ತು ಅಂಕದ ಜೊತೆಗೆ ಮುಂದಿನ ಎರಡು ಚೆಂಡುಗಳ ಅಂಕವೂ ಸೇರಬೇಕು. ಎರಡು ಚೆಂಡಿಗೆ ಹತ್ತು ಬಿದ್ದರೆ ಮುಂದಿನ ಒಂದು ಚೆಂಡಿನದು ಸೇರಬೇಕು. ಅಂದರೆ ಈಗಿನ ಅಂಕವನ್ನು ಮುಂದೆ ಆಗುವುದು ತೀರ್ಮಾನಿಸುತ್ತದೆ. ಒಂದು ಸುತ್ತಿನಲ್ಲಿ ಹತ್ತೂ ಬಿದ್ದು, ಮುಂದಿನ ಸುತ್ತಿನಲ್ಲಿ 7 ಮತ್ತು 2 ಬಿದ್ದರೆ ಮೊದಲ ಸುತ್ತಿಗೆ 19, ಎರಡನೆಯದಕ್ಕೆ 9, ಒಟ್ಟು 28. ಪರದೆಯ ಚೌಕ ಒಮ್ಮೊಮ್ಮೆ ಖಾಲಿ ಉಳಿಯುವುದಕ್ಕೆ ಇದೇ ಕಾರಣ, ಯಂತ್ರ ಕೆಟ್ಟಿದೆ ಎಂದಲ್ಲ. ಹಿಂದೆ ಇದನ್ನೆಲ್ಲ ಪೆನ್ಸಿಲ್ ಹಿಡಿದು ಬರೆಯಬೇಕಿತ್ತು. ಪಿನ್ ನಿಲ್ಲಿಸಲು ಹುಡುಗರನ್ನು ಕೂಲಿಗೆ ಇಟ್ಟುಕೊಳ್ಳುತ್ತಿದ್ದರು.

ಗಣಿತವನ್ನು ಬದಿಗಿಟ್ಟರೆ, ಈ ಏರ್ಪಾಡಿನ ನಡುಮಧ್ಯದಲ್ಲಿ ಒಂದು ವಿಚಿತ್ರ ಉಪಾಯವಿದೆ. ಫೋಟೋ ತೆಗೆಯಲು ಯಾರೂ ಗುಂಡಿ ಒತ್ತುವುದಿಲ್ಲ. ಓಡಿಬಂದ ವಸ್ತುವೇ ಕ್ಯಾಮೆರಾವನ್ನು ಚಾಲೂ ಮಾಡುತ್ತದೆ. ಎಷ್ಟು ಬಿದ್ದವು, ಯಾರು ಗೆದ್ದರು ಎಂಬ ಸಾಕ್ಷಿ ಮನುಷ್ಯನ ಕಣ್ಣಿನದಲ್ಲ, ಆ ಚಿತ್ರದ್ದು. ಬೌಲಿಂಗ್ ಯಂತ್ರ ಮಾಡಿದ ಎಂಜಿನಿಯರುಗಳು ಮೈಬ್ರಿಜ್‌ನನ್ನು ಓದಿಯೇ ಇದನ್ನು ಮಾಡಿದರು ಎಂದು ನಾವು ಹೇಳುತ್ತಿಲ್ಲ. ಆದರೆ ಈ ಉಪಾಯವನ್ನು ಲೋಕದ ಕಣ್ಣೆದುರು ಮೊದಲು ಮಾಡಿ ತೋರಿಸಿ, ಜನ ನಂಬುವಂತೆ ಮಾಡಿದವನು ಅವನೇ.

ಹೆಸರು ಬದಲಿಸುತ್ತಾ ಹೋದವನು

1830ರ ಏಪ್ರಿಲ್ 9ರಂದು ಲಂಡನ್ ಬಳಿಯ ಕಿಂಗ್‌ಸ್ಟನ್ ಅಪಾನ್ ಥೇಮ್ಸ್ ಎಂಬ ಊರಿನಲ್ಲಿ ಹುಟ್ಟಿದ. ಅಪ್ಪ-ಅಮ್ಮ ಇಟ್ಟ ಹೆಸರು ಎಡ್ವರ್ಡ್ ಜೇಮ್ಸ್ ಮಗರಿಜ್. ಮಗರಿಜ್ ಹೋಗಿ ಮೈಗ್ರಿಜ್ ಆಯಿತು, ಕೊನೆಗೆ ಮೈಬ್ರಿಜ್‌ಗೆ ಬಂದು ನಿಂತಿತು. ಎಡ್ವರ್ಡ್ ಎಂಬುದರ ಕಾಗುಣಿತವನ್ನೂ ಸಾವಿರ ವರ್ಷ ಹಿಂದಿನ ಸ್ಯಾಕ್ಸನ್ ರಾಜರು ಬರೆಯುತ್ತಿದ್ದ ರೀತಿಗೆ ಬದಲಿಸಿಕೊಂಡ. ಆ ರಾಜರ ಪಟ್ಟಾಭಿಷೇಕದ ಕಲ್ಲು ಅವನ ಊರಿನಲ್ಲಿಯೇ ಇತ್ತು. ಫೋಟೋಗಳ ಮೇಲೆ ಕೆಲಕಾಲ ಹೀಲಿಯೋಸ್, ಅಂದರೆ ಸೂರ್ಯದೇವ ಎಂದು ಸಹಿ ಹಾಕುತ್ತಿದ್ದ. ವಿನಯ ಅವನ ದೊಡ್ಡ ಗುಣವಾಗಿರಲಿಲ್ಲ.

ಇಪ್ಪತ್ತರ ಹರೆಯದಲ್ಲಿ ಅಮೆರಿಕಕ್ಕೆ ಹೋಗಿ, 1855ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುಸ್ತಕದ ಅಂಗಡಿ ಇಟ್ಟ. 1860ರಲ್ಲಿ ಊರಿಗೆ ಹೋಗಿಬರಲೆಂದು ಹೊರಟವನು ಟೆಕ್ಸಾಸ್‌ನಲ್ಲಿ ಕುದುರೆಗಾಡಿ ಅಪಘಾತಕ್ಕೆ ಸಿಕ್ಕ. ತಲೆಗೆ ಬಲವಾದ ಪೆಟ್ಟು. ದಿನಗಟ್ಟಲೆ ಏನಾಯಿತೆಂಬ ನೆನಪೇ ಇರಲಿಲ್ಲ. ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ರುಚಿ ವಾಸನೆ ತಿಳಿಯುತ್ತಿರಲಿಲ್ಲ. ಚೇತರಿಸಿಕೊಳ್ಳಲು ಇಂಗ್ಲೆಂಡಿಗೆ ಹೋಗಿ, 1867ರಲ್ಲಿ ಮರಳಿದಾಗ ಪುಸ್ತಕ ವ್ಯಾಪಾರಿಯಾಗಿರಲಿಲ್ಲ, ಫೋಟೋಗ್ರಾಫರ್ ಆಗಿದ್ದ. ಯೊಸೆಮಿಟಿ ಕಣಿವೆಯ ಬಂಡೆ, ಜಲಪಾತಗಳ ಚಿತ್ರಗಳಿಂದ ಬೇಗ ಹೆಸರಾದ.

ಆಗಿನ ಫೋಟೋಗ್ರಫಿ ಎಂದರೆ ಮೈಮುರಿಯುವ ಕೆಲಸ. ಗಾಜಿನ ಹಲಗೆಗೆ ರಾಸಾಯನಿಕ ದ್ರವ ಸವರಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲಿಯೇ ಕತ್ತಲ ಡೇರೆಯೊಳಗೆ ತೊಳೆಯಬೇಕು. ಬೆಳಕು ಒಳಬಿಡಲು ಕ್ಯಾಮೆರಾದ ಮುಚ್ಚಳವನ್ನು ಕೈಯಲ್ಲಿ ತೆಗೆದು, ಸೆಕೆಂಡು ಎಣಿಸಿ, ಮತ್ತೆ ಮುಚ್ಚುತ್ತಿದ್ದರು. ಅಷ್ಟರಲ್ಲಿ ಮಿಸುಕಾಡಿದ್ದೆಲ್ಲ ಮಸುಕು. ಬಂಡೆ ಮಿಸುಕಾಡುವುದಿಲ್ಲ, ಸರಿ. ಕುದುರೆ?

ಬಾಜಿಯ ಕತೆ

ಲೆಲ್ಯಾಂಡ್ ಸ್ಟ್ಯಾನ್‌ಫರ್ಡ್ ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್, ರೈಲ್ವೆ ಕಂಪನಿಯ ಒಡೆಯ, ರೇಸ್ ಕುದುರೆಗಳ ಹುಚ್ಚಿನವನು. ಇಂದು ಜಗತ್ಪ್ರಸಿದ್ಧವಾಗಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ, ಹದಿನೈದನೇ ವಯಸ್ಸಿಗೆ ತೀರಿಕೊಂಡ ಮಗನ ನೆನಪಿಗೆ ಅವನು ಕಟ್ಟಿಸಿದ್ದು. ಓಡುವ ಕುದುರೆಯ ನಾಲ್ಕೂ ಕಾಲು ಯಾವುದಾದರೂ ಕ್ಷಣ ನೆಲ ಬಿಡುತ್ತವೆಯೇ ಎಂಬುದು ಆಗ ಕುದುರೆ ಸಾಕುವವರ ನಡುವೆ ನಡೆಯುತ್ತಿದ್ದ ವಾದ. 1872ರಲ್ಲಿ ಇದನ್ನು ಫೋಟೋ ತೆಗೆದು ತೀರ್ಮಾನಿಸಲು ಅವನು ಮೈಬ್ರಿಜ್‌ಗೆ ಹೇಳಿದ.

25,000 ಡಾಲರ್ ಬಾಜಿ? ಆ ಕಾಲದ ಯಾವ ದಾಖಲೆಯಲ್ಲೂ ಅದಕ್ಕೆ ಆಧಾರವಿಲ್ಲ. ಕತೆ ಬೆಳೆದದ್ದು ನಂತರ. ಸ್ಟ್ಯಾನ್‌ಫರ್ಡ್‌ಗೆ ಕುದುರೆಗಳನ್ನು ಪಳಗಿಸುವ ವಿಧಾನದಲ್ಲಿ ನಿಜವಾದ ಆಸಕ್ತಿಯಿತ್ತು, ಖರ್ಚು ಮಾಡಲು ಹಣವೂ ಇತ್ತು. ಅಷ್ಟೇ ಸಾಕಿತ್ತು. ಆದರೆ ಬಾಜಿಯಿಲ್ಲದ ಕತೆಯನ್ನು ಯಾರು ಫಾರ್ವರ್ಡ್ ಮಾಡುತ್ತಾರೆ ಹೇಳಿ?

ಮೊದಲು ಕ್ಯಾಮೆರಾದ ಮುಂದೆ ಓಡಿದ ಕುದುರೆಯ ಹೆಸರು ಆಕ್ಸಿಡೆಂಟ್. ಅಪಘಾತ ಅಲ್ಲ, ಪಶ್ಚಿಮ ದಿಕ್ಕು ಎಂಬ ಅರ್ಥದ ಬೇರೆ ಪದ. ಆ ಚಿತ್ರಗಳು ಮಸುಕಾಗಿದ್ದವು, ಈಗ ಉಳಿದಿಲ್ಲ. ಕೆಲಸ ಮುಂದುವರಿಯುವ ಮೊದಲೇ ಮೈಬ್ರಿಜ್‌ನ ಬದುಕು ಹಳಿತಪ್ಪಿತು.

ಅವನು ತನಗಿಂತ ಸುಮಾರು ಇಪ್ಪತ್ತು ವರ್ಷ ಕಿರಿಯಳಾದ ಫ್ಲೋರಾಳನ್ನು ಮದುವೆಯಾಗಿದ್ದ. 1874ರ ಏಪ್ರಿಲ್‌ನಲ್ಲಿ ಗಂಡು ಮಗು ಹುಟ್ಟಿತು. ಆ ವರ್ಷ ಅಕ್ಟೋಬರಿನಲ್ಲಿ, ಬಾಣಂತನ ಮಾಡಿದ್ದ ಹೆಂಗಸಿನ ಮನೆಯಲ್ಲಿ ಮಗುವಿನ ಫೋಟೋ ಒಂದು ಅವನ ಕೈಗೆ ಸಿಕ್ಕಿತು. ಹಿಂದೆ ತಿರುಗಿಸಿದರೆ ಹೆಂಡತಿಯ ಕೈಬರಹ. ಮಗುವನ್ನು ಅವಳು ಪುಟ್ಟ ಹ್ಯಾರಿ ಎಂದು ಕರೆದಿದ್ದಳು. ಹ್ಯಾರಿ ಲಾರ್ಕಿನ್ಸ್ ಎಂಬವನು ಅವರ ಮನೆಗೆ ಬಂದುಹೋಗುತ್ತಿದ್ದ ಪರಿಚಿತ. ಮೈಬ್ರಿಜ್ ಅದೇ ದಿನ ದೋಣಿ ಹತ್ತಿ, ರೈಲು ಹತ್ತಿ, ಬಾಡಿಗೆ ಗಾಡಿ ಹಿಡಿದು ಕ್ಯಾಲಿಸ್ಟೋಗಾ ಹತ್ತಿರದ ಗಣಿಯೊಂದಕ್ಕೆ ರಾತ್ರಿ ತಲುಪಿದ. ಲಾರ್ಕಿನ್ಸ್‌ನನ್ನು ಬಾಗಿಲಿಗೆ ಕರೆಸಿ ಗುಂಡು ಹಾರಿಸಿ ಕೊಂದ.

1875ರ ಫೆಬ್ರವರಿಯಲ್ಲಿ ನಾಪಾ ಪಟ್ಟಣದಲ್ಲಿ ವಿಚಾರಣೆ ನಡೆಯಿತು. ಗಾಡಿ ಅಪಘಾತದ ನಂತರ ಅವನು ಮೊದಲಿನಂತಿರಲಿಲ್ಲ, ಸಿಡುಕನಾದ, ವಿಚಿತ್ರವಾಗಿ ಆಡುತ್ತಿದ್ದ ಎಂದು ಗೆಳೆಯರು ಸಾಕ್ಷಿ ಹೇಳಿದರು. ವಕೀಲರು ಬುದ್ಧಿಭ್ರಮಣೆಯ ವಾದ ಹೂಡಿದರು. ಜ್ಯೂರಿಯವರು ಆ ವಾದವನ್ನು ಒಪ್ಪಲಿಲ್ಲ. ಆದರೂ ಬಿಟ್ಟುಬಿಟ್ಟರು. ಹೆಂಡತಿಯ ವಿಷಯದಲ್ಲಿ ಗಂಡ ಹೀಗೆ ಮಾಡಿದ್ದು ಸರಿಯೇ ಎಂಬುದು ಅವರ ತೀರ್ಪು. ಕೊಲೆ ಮಾಡಿದ್ದನ್ನು ಆರೋಪಿಯೇ ಅಲ್ಲಗಳೆದಿರಲಿಲ್ಲ ಎಂಬುದನ್ನು ನೆನಪಿಡಿ. ಈ ಘಟನೆಯನ್ನು ರೋಚಕ ಪ್ರೇಮಕತೆಯಂತೆ ಹೇಳುವ ಬರಹಗಳು ಬೇಕಾದಷ್ಟಿವೆ. ನಮಗೆ ಇದರಲ್ಲಿ ರೋಚಕವಾದದ್ದೇನೂ ಕಾಣಲಿಲ್ಲ. ಫ್ಲೋರಾ ಅದೇ ಜುಲೈನಲ್ಲಿ ಕಾಯಿಲೆಯಿಂದ ಸತ್ತಳು, ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು. ಮಗು ಅನಾಥಾಲಯ ಸೇರಿತು. ದೊಡ್ಡವನಾಗಿ ತೋಟದ ಕೆಲಸ ಮಾಡಿಕೊಂಡಿದ್ದ ಅವನು 1944ರಲ್ಲಿ ಕಾರು ಬಡಿದು ತೀರಿಕೊಂಡ. ಅವನ ಫೋಟೋ ನೋಡಿದವರು ಮೈಬ್ರಿಜ್‌ನ ಹೋಲಿಕೆಯೇ ಇದೆ ಎನ್ನುತ್ತಾರೆ. ಫೋಟೋದ ಹಿಂದಿನ ಒಂದು ಹೆಸರು ನಂಬಿ ಒಂದು ಜೀವ ಹೋಗಿತ್ತು.

ಹನ್ನೆರಡು ದಾರ

ಗ್ವಾಟೆಮಾಲಾ, ಪನಾಮಾ ಕಡೆ ಫೋಟೋ ತೆಗೆಯುತ್ತಾ ಒಂದಷ್ಟು ಕಾಲ ದೂರವಿದ್ದು ಬಂದ ಮೈಬ್ರಿಜ್ 1877ರಲ್ಲಿ ಮತ್ತೆ ಕುದುರೆಗೆ ಕೈಹಾಕಿದ. ಆಕ್ಸಿಡೆಂಟ್ ಓಡುತ್ತಿರುವ ಚಿತ್ರವೊಂದನ್ನು ಪತ್ರಿಕೆಗಳಿಗೆ ಕಳಿಸಿದ. ನೋಡಿದವರಿಗೆ ಅನುಮಾನ ಬಂತು. ಅನುಮಾನ ಸುಳ್ಳಾಗಿರಲಿಲ್ಲ. ಅದು ನೇರ ಫೋಟೋ ಆಗಿರಲಿಲ್ಲ. ಫೋಟೋ ನೋಡಿ ಕಲಾವಿದನೊಬ್ಬ ಬರೆದ ಚಿತ್ರಕ್ಕೆ ಸವಾರನ ಮುಖದ ಫೋಟೋ ಅಂಟಿಸಿ, ಅದನ್ನು ಮತ್ತೆ ಫೋಟೋ ತೆಗೆದಿದ್ದರು. ಎಡಿಟ್ ಮಾಡಿದ ಫೋಟೋ ಎಂಬುದು ನಮ್ಮ ಕಾಲದ ರೋಗವೇನಲ್ಲ!

ಒಬ್ಬನೇ ಒಬ್ಬ, ಒಂದೇ ಕ್ಯಾಮೆರಾ, ಒಂದೇ ಚಿತ್ರ ತೋರಿಸಿ ನಂಬಿ ಎಂದರೆ ಯಾರೂ ನಂಬುವುದಿಲ್ಲ. ಮೈಬ್ರಿಜ್‌ಗೆ ಇದು ಅರ್ಥವಾಗಿರಬೇಕು. ಮುಂದಿನ ವರ್ಷ ಅವನು ಮಾಡಿದ ಏರ್ಪಾಡೇ ಬೇರೆ.

ಪಾಲೋ ಆಲ್ಟೋದ ಸ್ಟ್ಯಾನ್‌ಫರ್ಡ್ ತೋಟದಲ್ಲಿ ಓಟದ ದಾರಿ. ಒಂದು ಬದಿಗೆ ಉದ್ದನೆಯ ಷೆಡ್, ಅದರಲ್ಲಿ ಸಾಲಾಗಿ 12 ಕ್ಯಾಮೆರಾ, ಒಂದರಿಂದ ಒಂದಕ್ಕೆ 27 ಇಂಚು. ಎದುರು ಬದಿಗೆ ಬಿಳಿ ಬಟ್ಟೆಯ ಪರದೆ, ಅದರ ಮೇಲೆ ಅಂಕಿ ಬರೆದ ಉದ್ದ ಗೆರೆಗಳು. ಕುದುರೆ ಎಷ್ಟು ಮುಂದೆ ಬಂತು ಎಂದು ಯಾರು ಬೇಕಾದರೂ ಎಣಿಸಬಹುದು. ದಾರಿಗೆ ಅಡ್ಡಲಾಗಿ ಹನ್ನೆರಡು ಸಣ್ಣ ದಾರಗಳು. ಕುದುರೆಯ ಎದೆ ದಾರಕ್ಕೆ ತಾಗಿದರೆ ವಿದ್ಯುತ್ ಸಂಪರ್ಕ ಕೂಡುತ್ತದೆ, ವಿದ್ಯುದಯಸ್ಕಾಂತ ಕೊಂಡಿ ಬಿಡಿಸುತ್ತದೆ, ಶಟರ್ ಸರ್ರನೆ ಜಾರುತ್ತದೆ. ಗಾಡಿ ಎಳೆಯುವ ಕುದುರೆಗಾದರೆ ನೆಲದ ಮೇಲೆ ತಂತಿ. ಗಾಡಿಯ ಚಕ್ರ ಹತ್ತಿದಾಗ ಸಂಪರ್ಕ ಕೂಡುತ್ತಿತ್ತು. ಈ ವಿದ್ಯುತ್ ಕೆಲಸದಲ್ಲಿ ಸ್ಟ್ಯಾನ್‌ಫರ್ಡ್‌ನ ರೈಲ್ವೆ ಎಂಜಿನಿಯರ್ ಜಾನ್ ಐಸಾಕ್ಸ್ ನೆರವಾದ. ಮನುಷ್ಯನ ಕೈ ಎಷ್ಟೇ ಚುರುಕಾದರೂ ಇಷ್ಟು ವೇಗದಲ್ಲಿ ಹನ್ನೆರಡು ಬಾರಿ ಸರಿಯಾಗಿ ಒತ್ತಲಾರದು. ಒಂದು ಚಿತ್ರಕ್ಕೂ ಮುಂದಿನದಕ್ಕೂ ಇದ್ದ ಸಮಯ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಷ್ಟು. ಶಟರ್ ತೆರೆದಿರುತ್ತಿದ್ದುದು ಸೆಕೆಂಡಿನ ಎರಡು ಸಾವಿರದ ಒಂದು ಭಾಗಕ್ಕೂ ಕಡಿಮೆ ಎಂದು ಅವನೇ ಅಚ್ಚು ಹಾಕಿಸಿದ. ಚೆಂಡು ಬೆಳಕಿನ ಕಿರಣ ಕತ್ತರಿಸುವುದಕ್ಕೂ ಕುದುರೆ ದಾರ ತಳ್ಳುವುದಕ್ಕೂ ತತ್ವದಲ್ಲಿ ಏನು ವ್ಯತ್ಯಾಸ? ದಾರವನ್ನು ಪ್ರತಿ ಸಲ ಮತ್ತೆ ಕಟ್ಟಬೇಕು, ಬೆಳಕನ್ನು ಕಟ್ಟಬೇಕಿಲ್ಲ, ಅಷ್ಟೇ.

1878ರ ಜೂನ್ 15ರಂದು ಪತ್ರಕರ್ತರನ್ನೂ ಕುದುರೆ ಬಲ್ಲವರನ್ನೂ ಕರೆಸಿ ಅವರೆದುರೇ ಪ್ರಯೋಗ ಮಾಡಿದ. ಗಾಜಿನ ಹಲಗೆಗಳನ್ನು ಅಲ್ಲಿಯೇ ತೊಳೆದು ತೋರಿಸಿದ. ಅಂದು ಓಡಿದ ಸ್ಯಾಲಿ ಗಾರ್ಡ್ನರ್ ಎಂಬ ಹೆಣ್ಣು ಕುದುರೆ ದಾರ ಕಂಡು ಬೆದರಿ ನೆಗೆಯಿತು, ಜೀನಿನ ಪಟ್ಟಿ ಕಿತ್ತುಹೋಯಿತು. ಇದು ಅವಘಡ. ಆದರೆ ಗಾಜಿನ ಮೇಲೆ ಚಿತ್ರ ಮೂಡಿದಾಗ ಆ ಕಿತ್ತ ಪಟ್ಟಿಯೂ ಅದರಲ್ಲಿತ್ತು. ಎಲ್ಲರೂ ಈಗಷ್ಟೇ ಕಣ್ಣಾರೆ ಕಂಡದ್ದು ಚಿತ್ರದಲ್ಲೂ ಇದ್ದ ಮೇಲೆ, ಮೊದಲೇ ಬರೆದಿಟ್ಟು ತಂದ ಚಿತ್ರ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಪ್ರಯೋಗ ಕೆಟ್ಟದ್ದೇ ಅದರ ಸಾಕ್ಷಿಯಾಯಿತು. ಇಡೀ ಕತೆಯಲ್ಲಿ ನಮಗೆ ಅತಿ ಇಷ್ಟವಾದ ಭಾಗ ಇದು.

ಇನ್ನು ಕಾಲಿನ ವಿಷಯ. ಹೌದು, ನಾಗಾಲೋಟದಲ್ಲಿ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಡುತ್ತವೆ. ಆದರೆ ಎಲ್ಲರೂ ಅಂದುಕೊಂಡ ರೀತಿಯಲ್ಲಲ್ಲ. ಶತಮಾನಗಳಿಂದ ಚಿತ್ರಕಾರರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುವ ಕುದುರೆಯನ್ನು ಬರೆದಿದ್ದರು. ಫೋಟೋದಲ್ಲಿ ಕಂಡದ್ದು ಅದಕ್ಕೆ ತದ್ವಿರುದ್ಧ. ಕಾಲುಗಳೆಲ್ಲ ಹೊಟ್ಟೆಯಡಿಗೆ ಒಟ್ಟುಗೂಡಿದಾಗಲೇ ಕುದುರೆ ಗಾಳಿಯಲ್ಲಿರುತ್ತದೆ. ಪ್ಯಾರಿಸ್ಸಿನ ಹೆಸರಾಂತ ಚಿತ್ರಕಾರ ಮೆಸೋನಿಯೇ ಜೀವಮಾನವಿಡೀ ಕುದುರೆಗಳನ್ನು ಗಮನಿಸಿ ಬರೆದವನು. 1881ರಲ್ಲಿ ಅವನೇ ಮೈಬ್ರಿಜ್‌ನನ್ನು ಮನೆಗೆ ಕರೆದು ದೊಡ್ಡವರೆದುರು ಈ ಚಿತ್ರಗಳ ಪ್ರದರ್ಶನ ಏರ್ಪಡಿಸಿದ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮಲ್ಲಿ ಹೇಳುವುದು ಸುಮ್ಮನೆ ಅಲ್ಲ.

ಹಾಗಾದರೆ ಆ ಜಿಫ್?

ಮೊದಲನೆಯದಾಗಿ, 1878ರಲ್ಲಿ ತೆಗೆದದ್ದು ಹನ್ನೆರಡು ಬೇರೆ ಬೇರೆ ಕ್ಯಾಮೆರಾಗಳ ಹನ್ನೆರಡು ಸ್ಥಿರಚಿತ್ರ. ಕಾರ್ಡಿನಲ್ಲಿ ಅಚ್ಚಾದ ಕೊನೆಯ ಚಿತ್ರದಲ್ಲಿ ಕುದುರೆ ನಿಂತೇ ಇದೆ. ಅವನ್ನು ಜೋಡಿಸಿ ಓಡಿಸುವುದು ಈಗ ಫೋನಿನಲ್ಲೇ ಆಗುವ ಕೆಲಸ. ಮೈಬ್ರಿಜ್ ಕೂಡ 1879ರಲ್ಲಿ ಜೂಪ್ರಾಕ್ಸಿಸ್ಕೋಪ್ ಎಂಬ ಯಂತ್ರ ಮಾಡಿ ಪರದೆಯ ಮೇಲೆ ಕುದುರೆ ಓಡಿಸಿ ತೋರಿಸಿದ್ದು ನಿಜ. ಆದರೆ ಅದರ ಗಾಜಿನ ತಟ್ಟೆಯ ಮೇಲೆ ಇದ್ದದ್ದು ಫೋಟೋ ಅಲ್ಲ, ಫೋಟೋ ನೋಡಿ ಕೈಯಲ್ಲಿ ಬರೆದ ಚಿತ್ರಗಳು. ಎರಡನೆಯದಾಗಿ, ಆ ಹೆಸರಿನಲ್ಲಿ ಹರಿದಾಡುವ ಎಷ್ಟೋ ಜಿಫ್‌ಗಳಲ್ಲಿ ಇರುವುದು ಸ್ಯಾಲಿ ಗಾರ್ಡ್ನರ್ ಅಲ್ಲವೇ ಅಲ್ಲ. ಅದು 1887ರಲ್ಲಿ ಪ್ರಕಟವಾದ ಆ್ಯನಿ ಜಿ. ಎಂಬ ಬೇರೆ ಕುದುರೆ. 2017ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಬರೆದಿಟ್ಟು ಮರಳಿ ಓದಿದ್ದೂ ಆ್ಯನಿಯ ಐದು ಚಿತ್ರಗಳನ್ನೇ. ಆದ್ದರಿಂದ ಫಾರ್ವರ್ಡ್‌ನ ಲೆಕ್ಕ ಹೀಗೆ: ಫೋಟೋಗ್ರಾಫರ್ ನಿಜ, ನಾಲ್ಕು ಕಾಲಿನ ಪ್ರಶ್ನೆ ನಿಜ, ಬಾಜಿಗೆ ಆಧಾರವಿಲ್ಲ, ಮೊದಲ ಸಿನಿಮಾ ಅಲ್ಲ, ಕುದುರೆಯೂ ಹಲವು ಸಲ ಬೇರೆ.

ಹೆಸರಿಲ್ಲದ ಪುಸ್ತಕ

1882ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವನ ಉಪನ್ಯಾಸ ಕೇಳಲು ಯುವರಾಜ, ಪ್ರಧಾನಿ ಗ್ಲ್ಯಾಡ್‌ಸ್ಟನ್, ಕವಿ ಟೆನಿಸನ್, ವಿಜ್ಞಾನಿ ಹಕ್ಸ್ಲಿ ಎಲ್ಲ ಬಂದಿದ್ದರು. ವಿಜ್ಞಾನಿಗಳ ಅತಿ ದೊಡ್ಡ ಸಂಸ್ಥೆಯಾದ ರಾಯಲ್ ಸೊಸೈಟಿ ಪ್ರಬಂಧ ಕೊಡಲು ಕೇಳಿತು. ಅಷ್ಟರಲ್ಲಿ ಅಮೆರಿಕದಿಂದ ಒಂದು ಪುಸ್ತಕ ಬಂತು. ಸ್ಟ್ಯಾನ್‌ಫರ್ಡ್ ಹಣ ಹಾಕಿ, ತನ್ನ ಗೆಳೆಯ ಡಾ. ಸ್ಟಿಲ್‌ಮನ್ ಕೈಯಲ್ಲಿ ಬರೆಸಿದ್ದ ಕುದುರೆಯ ಚಲನೆಯ ಪುಸ್ತಕ. ಮುಖಪುಟದಲ್ಲಿ ಮೈಬ್ರಿಜ್ ಹೆಸರಿಲ್ಲ. ಒಳಗೆ ಅವನು ಸಂಬಳಕ್ಕೆ ಕೆಲಸ ಮಾಡಿದ ಒಬ್ಬ ನುರಿತ ಫೋಟೋಗ್ರಾಫರ್ ಮಾತ್ರ. ಕೆಲಸ ನಿಜಕ್ಕೂ ನಿನ್ನದೇ ಹೌದೇ ಎಂಬ ಅನುಮಾನ ಹುಟ್ಟಿ ರಾಯಲ್ ಸೊಸೈಟಿ ಹಿಂದೆ ಸರಿಯಿತು. ಈ ವಿಧಾನಕ್ಕೆ 1879ರಲ್ಲಿಯೇ ಪೇಟೆಂಟ್ ಪಡೆದಿದ್ದವನು ಅವನು. ಸ್ಟ್ಯಾನ್‌ಫರ್ಡ್ ಮೇಲೆ ಮೊಕದ್ದಮೆ ಹೂಡಿದ, ಗೆಲ್ಲಲಿಲ್ಲ. ಜಗತ್ತಿಗೆ ಸಾಕ್ಷಿ ಒದಗಿಸಿದವನಿಗೆ ತನ್ನ ಕೆಲಸ ತನ್ನದೆನ್ನಲು ಸಾಕ್ಷಿ ಸಾಲಲಿಲ್ಲ.

ಅದೇ ವರ್ಷ ನೇಚರ್ ಪತ್ರಿಕೆಗೆ ಬರೆದ ಪತ್ರವೊಂದರಲ್ಲಿ ಅವನು ಹೇಳಿದ ಮಾತು ಈ ಲೇಖನಕ್ಕೆ ತೀರಾ ಹತ್ತಿರದ್ದು. ಕುದುರೆ ರೇಸಿನಲ್ಲಿ ಎರಡು ಒಟ್ಟಿಗೆ ಬಂದಂತೆ ಕಂಡಾಗ ಯಾರು ಗೆದ್ದರೆಂದು ಫೋಟೋದಿಂದಲೇ ನಿರ್ಧರಿಸುವ ಕಾಲ ಬೇಗ ಬರುತ್ತದೆ, ಅದಿಲ್ಲದೆ ಯಾವ ಮುಖ್ಯ ರೇಸೂ ನಡೆಯುವುದಿಲ್ಲ ಎಂಬುದು ಅದರ ಸಾರ. ಆ ಕಾಲ ಬಂತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡು, ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿತು. ಟಿವಿ ಮುಂದೆ ಕೂತ ಯಾವ ಕಣ್ಣಿಗೂ ಕಾಣದ ಅಂತರ ಅದು. ಕ್ಯಾಮೆರಾ ಕಂಡಿತು, ಇಡೀ ದೇಶ ಒಪ್ಪಿಕೊಂಡಿತು.

ಮೈಬ್ರಿಜ್ ಸುಮ್ಮನೆ ಕೂರಲಿಲ್ಲ. 1884ರಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮನುಷ್ಯರು, ಪ್ರಾಣಿಗಳು, ಹಕ್ಕಿಗಳು, ಮೆಟ್ಟಿಲು ಹತ್ತುವವರು, ಚೆಂಡು ಎಸೆಯುವವರು ಎಲ್ಲರನ್ನೂ ತೆಗೆದ. ಹಕ್ಕಿಗೆ ದಾರ ಕಟ್ಟಲಾಗದು. ಆದ್ದರಿಂದ ಈಗ ಶಟರ್‌ಗಳನ್ನು ಗಡಿಯಾರದ ಯಂತ್ರ ಒಂದಾದ ಮೇಲೊಂದು ಬಿಡಿಸುತ್ತಿತ್ತು. ಎಷ್ಟು ಅಂತರಕ್ಕೆ ಬೇಕೋ ಅಷ್ಟಕ್ಕೆ ಹೊಂದಿಸಿದರಾಯಿತು. ಬೌಲಿಂಗ್ ಲೇನಿನಲ್ಲಿ ನಮಗೆ ಜಗಳ ತಂದದ್ದೂ ಇಂಥ ಮೊದಲೇ ಹೊಂದಿಸಿಟ್ಟ ಕಾಯುವಿಕೆಯೇ. 1887ರಲ್ಲಿ 781 ದೊಡ್ಡ ಹಾಳೆಗಳಲ್ಲಿ 19,000ಕ್ಕೂ ಹೆಚ್ಚು ಚಿತ್ರಗಳನ್ನು ಪ್ರಕಟಿಸಿದ. 1888ರಲ್ಲಿ ಎಡಿಸನ್‌ನನ್ನು ಕಂಡು, ಅವನ ಫೋನೋಗ್ರಾಫ್‌ನ ಧ್ವನಿಗೆ ತನ್ನ ಚಲಿಸುವ ಚಿತ್ರ ಜೋಡಿಸುವ ಬಗ್ಗೆ ಮಾತಾಡಿದ. ಅದು ಕೈಗೂಡಲಿಲ್ಲ. 1893ರ ಷಿಕಾಗೋ ಮೇಳದಲ್ಲಿ ಟಿಕೆಟ್ ಇಟ್ಟು ಪ್ರದರ್ಶನ ನಡೆಸಿದ, ಹೆಚ್ಚು ಜನ ಬರಲಿಲ್ಲ. ಅಷ್ಟರಲ್ಲಿ ಎಡಿಸನ್‌ನ ಕಾರ್ಖಾನೆಯಲ್ಲಿ ಉದ್ದನೆಯ ಫಿಲ್ಮ್ ಸುರುಳಿಯ ಕ್ಯಾಮೆರಾ ತಯಾರಾಗಿತ್ತು. ಸಿನಿಮಾ ಅವನನ್ನು ದಾಟಿ ಮುಂದೆ ಹೋಯಿತು.

1894ರಲ್ಲಿ ಹುಟ್ಟೂರು ಕಿಂಗ್‌ಸ್ಟನ್‌ಗೆ ಮರಳಿ, ಪ್ರಾಣಿಗಳ ಚಲನೆಯ ಮೇಲೊಂದು, ಮನುಷ್ಯರ ಚಲನೆಯ ಮೇಲೊಂದು ಪುಸ್ತಕ ತಂದ. ಈ ಸಲ ಮುಖಪುಟದ ಮೇಲೆ ಅವನದೇ ಹೆಸರಿತ್ತು. 1904ರ ಮೇ 8ರಂದು 74ನೇ ವಯಸ್ಸಿನಲ್ಲಿ ತೀರಿಕೊಂಡ. ವೋಕಿಂಗ್ ಎಂಬಲ್ಲಿ ದಹನ ನಡೆಯಿತು. ಅಲ್ಲಿ ಇಟ್ಟ ಕಲ್ಲಿನ ಮೇಲೆ ಕೆತ್ತಿದವರು ಒಂದು ಅಕ್ಷರ ತಪ್ಪಿದರು. ಅದರಲ್ಲಿ ಈಗಲೂ ಇರುವುದು ಮೈಬ್ರಿಜ್ ಅಲ್ಲ, ಮೇಬ್ರಿಜ್.